ಅರ್ಧ ಸುತ್ತು ಸಡಿಲಿಸಿದ ಮುಚ್ಚಳ

ಹನ್ನೂರಿನ ಚನ್ನವೀರಪ್ಪ ಮೂವತ್ತಮೂರು ವರ್ಷ ನೂಲಿಗೆ ಬಣ್ಣ ಹಾಕಿದವನು. ಊರಲ್ಲಿ ಹೊಲವಿತ್ತು, ಇಬ್ಬರು ಅಣ್ಣಂದಿರು ಅದನ್ನು ನೋಡಿಕೊಂಡಿದ್ದರು. ಮೂರನೆಯವನಾದ ಇವನು ಹದಿನೇಳಕ್ಕೆ ಸೊಲ್ಲಾಪುರಕ್ಕೆ ಬಂದು ಚಾದರ ಕಾರಖಾನೆಯ ಬಣ್ಣದ ಮನೆ ಸೇರಿದ. ಮೊದಲು ಬಕೆಟ್ ಹೊತ್ತ, ಆಮೇಲೆ ನೂಲಿನ ಲಡಿ ತಿರುವಿದ, ಕೊನೆಗೆ ಬಣ್ಣದ ಮೇಸ್ತ್ರಿಯಾದ. ಹತ್ತಿ ನೂಲು ಬಣ್ಣ ಹಿಡಿಯಬೇಕಾದರೆ ನೀರಿಗೆ ಉಪ್ಪು ಬೇಕು, ಅದೂ ಸೇರುಗಟ್ಟಲೆ. ಎಷ್ಟು ಉಪ್ಪಾಯಿತೆಂದು ಉಳಿದವರು ಗಾಜಿನ ಕಡ್ಡಿ ತೇಲಿಬಿಟ್ಟು ನೋಡುತ್ತಿದ್ದರು. ಚನ್ನವೀರಪ್ಪ ಬೆರಳು ಅದ್ದಿ ನಾಲಿಗೆಯ ತುದಿಗೆ ಮುಟ್ಟಿಸಿ, "ಇನ್ನೊಂದು ಅರ್ಧ ಸೇರು ಹಾಕ್ರಿ" ಅನ್ನುತ್ತಿದ್ದ. ಆಮೇಲೆ ಕಡ್ಡಿ ಬಿಟ್ಟರೆ ಲೆಕ್ಕ ಅಷ್ಟೇ ಬರುತ್ತಿತ್ತು.

ಅವನ ಐವತ್ತನೆಯ ವಯಸ್ಸಿಗೆ ಬಣ್ಣದ ಮನೆ ಮುಚ್ಚಿತು. ಕೆಂಪು ನೀಲಿ ಕಲೆಗಳು ಉಗುರಿನ ಸಂದಿಯಿಂದ ಬಿಟ್ಟುಹೋಗಲು ಒಂದು ವರ್ಷ ಹಿಡಿಯಿತು. ಅಷ್ಟು ದಿನ ಅವನು ಹೆಂಡತಿ ರತ್ನಾಬಾಯಿಯ ಎದುರು ಕೈ ಚಾಚಿ ಕೂತು ನೋಡಿಕೊಳ್ಳುತ್ತಿದ್ದನಂತೆ. ಕಲೆ ಪೂರ್ತಿ ಹೋದ ದಿನ ಊಟ ಬಿಟ್ಟ. ಮುಂದೆ ಏಳೆಂಟು ವರ್ಷ ಒಂದು ಬಟ್ಟೆ ಅಂಗಡಿಯ ಗೋದಾಮಿನಲ್ಲಿ ಗಂಟು ಕಟ್ಟಿಕೊಂಡು ಕಾಲ ಹಾಕಿದ.

ಆ ಅಂಗಡಿಯ ಮನೆತನದವನೇ ಅವಿನಾಶ. ಅಜ್ಜ, ಅಪ್ಪ ಎಲ್ಲ ಸೀರೆ ಮಾರಿದವರು. ಇವನು ಪುಣೆಯಲ್ಲಿ ರಸಾಯನ ಓದಿ ಬಂದು ಅಕ್ಕಲಕೋಟ ರಸ್ತೆಯ ಕಾರಖಾನೆಗಳ ನಡುವೆ ಒಂದು ಶೆಡ್ಡು ಹಿಡಿದ. ಬ್ಯಾಟರಿಯೊಳಗೆ ಹಾಕುವ ದ್ರವ ಮಾಡುವ ಕೆಲಸ. ಸೊಲ್ಲಾಪುರದ ಬಿಸಿಲು ಗೊತ್ತಿದ್ದದ್ದೇ. ಬೇಸಿಗೆಯಲ್ಲಿ ರಸ್ತೆಯ ಮೇಲೆ ನಿಂತ ಬ್ಯಾಟರಿ ರಿಕ್ಷಾ ಮುಟ್ಟಿದರೆ ಕೈ ಸುಡುತ್ತದೆ. ಸಾಮಾನ್ಯ ಬ್ಯಾಟರಿಯ ದ್ರವ ಸೀಮೆಎಣ್ಣೆಯ ಹಾಗೆ ಬೆಂಕಿ ಹಿಡಿಯುವಂಥದ್ದು. ಅದರಲ್ಲಿ ಲಿಥಿಯಂ ಉಪ್ಪು ಸ್ವಲ್ಪ, ತೆಳು ದ್ರವವೇ ಬಹಳ. ಅವಿನಾಶ ಮಾಡಹೊರಟಿದ್ದು ಇದಕ್ಕೆ ತದ್ವಿರುದ್ಧವಾದದ್ದು. ಒಂದು ಜಾತಿಯ ಉಪ್ಪು ಇದೆ, ನೀರು ಸೇರಿಸದೆ, ಕಾಯಿಸದೆ ತಾನೇ ಎಣ್ಣೆಯ ಹಾಗೆ ಹರಿಯುತ್ತದೆ. ವಾಸನೆ ಇಲ್ಲ, ಆವಿಯಾಗುವುದಿಲ್ಲ, ಸುಲಭಕ್ಕೆ ಉರಿಯುವುದೂ ಇಲ್ಲ. ಅದರಲ್ಲಿ ಲಿಥಿಯಂ ಉಪ್ಪನ್ನು ಹಿಡಿಸುವಷ್ಟೂ ಹಿಡಿಸಿ, ಜೇನಿನಷ್ಟು ಮಂದ ಮಾಡಬೇಕು.

ಉಪ್ಪಿನ ಕೆಲಸ ಅಂದ ಕೂಡಲೇ ಅವಿನಾಶನಿಗೆ ಗೋದಾಮಿನ ಚನ್ನವೀರಪ್ಪ ನೆನಪಾದ.

"ಕಾಕಾ, ಗಂಟು ಕಟ್ಟೋದು ಸಾಕು. ನಮ್ಮ ಶೆಡ್ಡಿಗೆ ಬರ್ರಿ. ಉಪ್ಪ ತೂಗೋದು, ಕಲಸೋದು, ಒಣಗ್ಸೋದು. ಅಷ್ಟ."

"ನನಗ ಇಂಗ್ಲಿಷ್ ಬರಂಗಿಲ್ಲಪ್ಪ."

"ಉಪ್ಪಿಗೂ ಬರಂಗಿಲ್ರಿ," ಅಂದ ಅವಿನಾಶ.

ಶೆಡ್ಡಿನಲ್ಲಿ ಅವನಿಗೆ ಕೆಲಸ ಕಲಿಸಿದವಳು ಸ್ನೇಹಲ. ಹೋಟಗಿಯ ಹುಡುಗಿ, ಇಪ್ಪತ್ತಾರು ವರ್ಷ, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಆಡುವ ಮಾತು ಕನ್ನಡ, ಬರೆಯುವುದೆಲ್ಲ ಮರಾಠಿ. ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದಳು. ಮೊದಲನೆಯ ದಿನವೇ ಚನ್ನವೀರಪ್ಪ ಬಾಟಲಿಗೆ ಬೆರಳು ಅದ್ದಿ ನಾಲಿಗೆಗೆ ಒಯ್ಯುವಷ್ಟರಲ್ಲಿ ಅವಳು ಮಣಿಕಟ್ಟು ಹಿಡಿದುಕೊಂಡಳು.

"ಕಾಕಾ, ಏನ್ ಮಾಡಾಕತ್ತೀರಿ? ಇದು ನಿಮ್ಮ ಮನಿ ಸಾರಲ್ಲ."

"ನೋಡಬೇಕಲ್ಲವಾ ಎಷ್ಟಾಗ್ಯಾದಂತ."

"ನೋಡಾಕ ಮಶೀನ್ ಅದಾವ. ನಾಲಗಿ ಮನಿಗೆ ವಾಪಸ್ ಒಯ್ಯೋದದ ಇಲ್ಲೋ?"

ಅವಳು ಅವನಿಗೆ ಹೇಳಿಕೊಟ್ಟ ಮೊದಲ ಪಾಠವೂ ಕೊನೆಯ ಪಾಠವೂ ಒಂದೇ: ನೀರು ಬರಕೂಡದು. ಕೈಯ ಬೆವರು, ಬಾಯಿಯ ಉಸಿರು, ಗಾಳಿಯ ಪಸೆ, ಯಾವುದೂ ಬರಕೂಡದು. ಈ ದ್ರವ ಗಾಳಿಯಿಂದ ನೀರನ್ನು ಸದ್ದಿಲ್ಲದೆ ಕುಡಿಯುತ್ತದೆ. ಕುಡಿದದ್ದು ಕಣ್ಣಿಗೆ ಕಾಣುವುದಿಲ್ಲ. ಬ್ಯಾಟರಿಯ ಸೆಲ್ಲಿನೊಳಗೆ ಹೋದ ಮೇಲೆ ಆ ನೀರು ಆಮ್ಲವಾಗುತ್ತದೆ, ಗ್ಯಾಸಾಗುತ್ತದೆ, ಸೆಲ್ಲು ಉಬ್ಬುತ್ತದೆ. ಅದಕ್ಕೇ ದ್ರವವನ್ನು ಮೂರು ದಿನ ಗಾಳಿ ಹೀರಿ ತೆಗೆದ ಪಾತ್ರೆಯಲ್ಲಿ ಬಿಸಿ ಇಟ್ಟು ಒಣಗಿಸಬೇಕು. ಒಣಗಿದ ಮೇಲೆ ನೀರಳೆಯುವ ಯಂತ್ರಕ್ಕೆ ಎರಡು ಹನಿ ಕೊಟ್ಟರೆ, ಹತ್ತು ಲಕ್ಷ ಭಾಗದಲ್ಲಿ ನೀರು ಎಷ್ಟು ಭಾಗವೆಂದು ಹೇಳುತ್ತದೆ. ಇಪ್ಪತ್ತರ ಒಳಗಿರಬೇಕು.

ಚನ್ನವೀರಪ್ಪ ಮನೆಗೆ ಬಂದು ಇದನ್ನು ಹೇಳಿದಾಗ ರತ್ನಾಬಾಯಿಗೆ ಆಶ್ಚರ್ಯವೇನೂ ಆಗಲಿಲ್ಲ. "ಉಪ್ಪಿನಕಾಯಿ ಭರಣಿಗೆ ಒದ್ದಿ ಚಮಚ ಹಾಕಿದಂಗ," ಅಂದಳು. "ನಿಮ್ಮ ತಂಗಿ ಹಾಕಿದ್ದಳಲ್ಲ, ಆ ವರ್ಷದ ಮಾವಿನಕಾಯಿ ಎಲ್ಲ ಬೂಷ್ಟು ಹಿಡೀತು."

ಎರಡು ವರ್ಷ ಅವನು ಆ ಕೆಲಸ ಮಾಡಿದ. ಗಾಜಿನ ಪೆಟ್ಟಿಗೆಗೆ ರಬ್ಬರ್ ಕೈಗವಸು ಜೋಡಿಸಿರುತ್ತಾರೆ. ಅದರೊಳಗೆ ಕೈ ತೂರಿಸಿ ಹೊರಗಿನಿಂದಲೇ ಒಳಗಿನ ಬಿಳಿ ಉಪ್ಪನ್ನು ತೂಗುತ್ತಿದ್ದ. ಸ್ನೇಹಲಳಿಗೆ ನಾಲ್ಕು ಸಲ ಹೆಚ್ಚುಕಡಿಮೆ ಮಾಡಿ ಬರುವ ತೂಕ ಅವನಿಗೆ ಎರಡನೆಯ ಚಮಚಕ್ಕೆ ಬರುತ್ತಿತ್ತು. "ಕಾಕಾನ ಕೈಯಾಗ ತಕ್ಕಡಿ ಅದ," ಅನ್ನುತ್ತಿದ್ದಳು. ಅರವತ್ತರ ಮುದುಕ ಮತ್ತೆ ಮೇಸ್ತ್ರಿಯಾದ.

ಈ ದ್ರವಕ್ಕೆ ಒಂದು ಗುಣವಿತ್ತು. ಚಳಿ ಬಿದ್ದರೆ ಹಿಡಿಸಿದ ಉಪ್ಪು ತಡೆಯದೆ ಕಣಕಣವಾಗಿ ತಳದಲ್ಲಿ ಕೂರುತ್ತಿತ್ತು, ಹಳೆಯ ಜೇನುತುಪ್ಪದ ಹಾಗೆ. ಆಗ ಬಾಟಲಿಯನ್ನು ಬಿಗಿಯಾಗಿ ಮುಚ್ಚಿದ ಹಾಗೆಯೇ ಬಿಸಿನೀರಿನ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿದರೆ ಮತ್ತೆ ತಿಳಿಯಾಗುತ್ತಿತ್ತು. ಈ ಕೆಲಸವನ್ನು ಸ್ನೇಹಲ ತಾನೇ ಮಾಡುತ್ತಿದ್ದಳು. ಚನ್ನವೀರಪ್ಪ ಪಕ್ಕದಲ್ಲಿ ನಿಂತು ನೋಡಿದ್ದ.

ಸಂಕ್ರಾಂತಿ ಮುಗಿದ ವಾರ. ಪುಣೆಯ ಒಂದು ದೊಡ್ಡ ಕಂಪನಿಯವರು ನೂರು ಸೆಲ್ಲಿನ ಮಾದರಿ ಕೇಳಿದ್ದರು. ಅದು ಪಾಸಾದರೆ ಶೆಡ್ಡು ನಿಂತುಕೊಳ್ಳುತ್ತಿತ್ತು. ಶನಿವಾರ ಸ್ನೇಹಲ ದ್ರವ ಅಳೆದಳು, ಹದಿನಾಲ್ಕು ಬಂತು. ಮುಚ್ಚಿ ಇಟ್ಟು ಹೋದಳು. ಸೋಮವಾರ ಸೆಲ್ಲುಗಳಿಗೆ ತುಂಬಬೇಕು.

ಸೋಮವಾರ ಮುಂಜಾನೆ ಹೋಟಗಿಯ ಗಾಡಿ ತಡವಾಯಿತು. ಚನ್ನವೀರಪ್ಪ ಒಬ್ಬನೇ ಬಂದು ಬೀಗ ತೆಗೆದ. ಬಾಟಲಿಯ ತಳದಲ್ಲಿ ಬೆರಳಷ್ಟು ದಪ್ಪ ಉಪ್ಪು ಕೂತಿತ್ತು. ಫೋನಿನಲ್ಲಿ ಸ್ನೇಹಲ, "ನಾ ಬರೋತನಕ ಬಿಸಿನೀರಾಗ ಇಡ್ರಿ ಕಾಕಾ, ಐವತ್ತು ಡಿಗ್ರಿ," ಅಂದಳು. ಅವನು ನೀರು ಕಾಯಿಸಿ, ಮಾಪಕ ಹಾಕಿ ನೋಡಿ, ಬಾಟಲಿ ಇಳಿಸಿದ. ಪಾತ್ರೆಯಿಂದ ಹಬೆ ಎದ್ದು ಬಾಟಲಿಯ ಕೊರಳು ಸುತ್ತಿಕೊಂಡಿತು. ಅದನ್ನು ನೋಡುತ್ತ ನಿಂತವನಿಗೆ ಅಂಬಾದಾಸ ಕಂಡ.

ಅಂಬಾದಾಸ ಬಣ್ಣದ ಮನೆಯಲ್ಲಿ ಇವನ ಜೋಡಿಗಾರ. ಒಂದು ಮುಂಜಾನೆ ಬಿಗಿದು ಮುಚ್ಚಿದ ಕಾಸ್ಟಿಕ್ ಸೋಡಾ ನೀರಿನ ಡಬ್ಬಿಯನ್ನು ಅವನು ಹಾಗೆಯೇ ಬಿಸಿಗೆ ಇಟ್ಟಿದ್ದ. ಡಬ್ಬಿ ಸಿಡಿಯಿತು. ಚನ್ನವೀರಪ್ಪನೇ ಅವನ ಮುಖಕ್ಕೆ ನೀರು ಸುರಿದ, ಎತ್ತಿಕೊಂಡು ಓಡಿದ. ಎರಡೂ ಕಣ್ಣು ಉಳಿಯಲಿಲ್ಲ. ಆಮೇಲೆ ಹನ್ನೊಂದು ವರ್ಷ ಬದುಕಿದ್ದ ಅಂಬಾದಾಸ, ಹೋದಾಗಲೆಲ್ಲ ಇವನ ಮುಖವನ್ನು ಕೈಯಿಂದ ತಡವಿ, "ಚನ್ನು, ತೆಳ್ಳಗಾಗೀದಿ" ಅನ್ನುತ್ತಿದ್ದ. ಆ ದಿನದಿಂದ ಬಣ್ಣದ ಮನೆಯಲ್ಲಿ ಯಾವ ಪಾತ್ರೆಯೇ ಆಗಲಿ, ಬಿಸಿಗೆ ಇಡುವ ಮುಂಚೆ ಮುಚ್ಚಳ ಸಡಿಲಿಸಬೇಕೆಂಬ ಕಟ್ಟಳೆ ಬಂತು. ಕಟ್ಟಳೆ ಮಾಡಿದವನು ಚನ್ನವೀರಪ್ಪನೇ. ಮರೆತವರ ಬೆನ್ನಿಗೆ ಗುದ್ದಿದ್ದ.

ಅವನ ಕೈ ತಾನಾಗಿ ಮುಂದೆ ಹೋಯಿತು. ಅರ್ಧ ಸುತ್ತು, ಅಷ್ಟೇ. ಮುಚ್ಚಳ ಎತ್ತಲಿಲ್ಲ, ತೆಗೆಯಲಿಲ್ಲ. ಇಪ್ಪತ್ತು ನಿಮಿಷ ಕಳೆದ ಮೇಲೆ ಮತ್ತೆ ಬಿಗಿದ, ಒಣ ಬಟ್ಟೆಯಿಂದ ಬಾಟಲಿ ಒರೆಸಿದ. ದ್ರವ ಹೊಸ ಜೇನಿನ ಹಾಗೆ ಹೊಳೆಯುತ್ತಿತ್ತು.

ಸ್ನೇಹಲ ಓಡಿಕೊಂಡು ಬಂದಳು. ತುಂಬುವ ಮುಂಚೆ ಇನ್ನೊಮ್ಮೆ ಅಳೆಯುವುದು ನಿಯಮ. ಅಳೆಯಲು ಒಂದು ತಾಸು ಬೇಕು. ಅವಿನಾಶ ಕೈಗಡಿಯಾರ ನೋಡಿಕೊಂಡ. "ಶನಿವಾರ ಅಳದೀಯಲ್ಲ. ಅದನ್ನ ಬರದು ತುಂಬು, ಪುಣೆ ಗಾಡಿ ನಾಕಕ್ಕ ಹೋಗ್ತದ." ಅವಳು ಕಾಗದದ ಮೇಲೆ ಹದಿನಾಲ್ಕು ಎಂದು ಬರೆದು ಸಹಿ ಹಾಕಿದಳು.

ಹತ್ತು ದಿನಕ್ಕೆ ನೂರು ಸೆಲ್ಲಿನಲ್ಲಿ ಎಂಬತ್ತು ಉಬ್ಬಿದವು. ಪುಣೆಯಿಂದ ತಿರುಗಿ ಬಂದ ಡಬ್ಬ ತೆಗೆದಾಗ, ಬೆಳ್ಳಿ ಬಣ್ಣದ ಚೀಲದಂಥ ಆ ಸೆಲ್ಲುಗಳು ಎಣ್ಣೆಯಲ್ಲಿ ಬಿಟ್ಟ ಪೂರಿಯ ಹಾಗೆ ಕೂತಿದ್ದವು. ಅವಿನಾಶ ಒಂದನ್ನು ಗಾಜಿನ ಪೆಟ್ಟಿಗೆಯೊಳಗೆ ಕೊಯ್ದು ನೋಡಿ, "ನೀರು" ಅಂದ. ಪಕ್ಕದಲ್ಲಿ ನಿಂತಿದ್ದ ಚನ್ನವೀರಪ್ಪನಿಗೆ ಅದೇ ಕ್ಷಣ ಎಲ್ಲ ತಿಳಿಯಿತು. ಹಬೆ ಕೊರಳು ಸುತ್ತಿದ್ದು, ತನ್ನ ಕೈ, ಆ ಅರ್ಧ ಸುತ್ತು.

ಅವನು ಬಾಯಿ ಬಿಡಲಿಲ್ಲ.

ಕಾಗದದ ಮೇಲೆ ಸಹಿ ಸ್ನೇಹಲಳದು. ಅಳೆಯದೆ ಅಳೆದೆನೆಂದು ಬರೆದವಳು ಅವಳು. ಪುಣೆಯವರು ತಪ್ಪು ಯಾರದು ಎಂದು ಕೇಳಿದರು, ಅವಿನಾಶ ಅವಳ ಹೆಸರು ಬರೆದು ಕಳಿಸಿದ, ಮರುದಿನದಿಂದ ಬರಬೇಡ ಅಂದ. ಅಳೆಯಬೇಡ ಅಂದವನು ತಾನೇ ಎಂಬುದನ್ನು ಅವನೂ ಬರೆಯಲಿಲ್ಲ.

ಗೇಟಿನ ಬಳಿ ಅವಳು ಚನ್ನವೀರಪ್ಪನ ಎದುರು ನಿಂತಳು. ಅತ್ತಿರಲಿಲ್ಲ.

"ಕೆಲಸ ಹೋದ್ರ ಹೋಗ್ಲಿ ಕಾಕಾ. ಪುಣೆದಾಗ ಸಂಶೋಧನಾಕ್ಕ ಸೀಟ್ ಸಿಕ್ಕದ ನನಗ. ಫೆಬ್ರುವರಿ ಇಪ್ಪತ್ತೆಂಟರೊಳಗ ಇಲ್ಲೀದು ಛಲೋ ಪತ್ರ ಒಂದು ಕೊಡಬೇಕು. ಈಗ ಸಾಹೇಬ್ರು ಏನ್ ಬರದು ಕೊಡ್ತಾರ? ಸುಳ್ಳು ನಂಬರ್ ಬರದಾಕಿ ಅಂತಾನ?"

"ನೋಡೂಣವಾ," ಅಂದ ಚನ್ನವೀರಪ್ಪ.

"ನೀರು ಎಲ್ಲಿಂದ ಬಂತಂತ ತಿಳೀವಲ್ದು. ಅದೊಂದ ತಲ್ಯಾಗ ಕುಂತದ. ನಾ ಅಳದಾಗ ಇರಲಿಲ್ಲ."

ಒಂಬತ್ತು ದಿನ ಅವನು ಕೆಲಸಕ್ಕೆ ಹೋದ, ಬಂದ. ಉಪ್ಪು ತೂಗಲು ಈಗ ಅವನಿಗೂ ನಾಲ್ಕು ಸಲ ಬೇಕಾಯಿತು. ಒಮ್ಮೆ ಇಡೀ ಚಮಚ ಚೆಲ್ಲಿದ. ಗೋದಾಮಿನ ಗಂಟುಗಳು, ಕೈ ಚಾಚಿಕೊಂಡು ಕೂತ ಆ ವರ್ಷ, ಎಲ್ಲ ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದವು. ಹತ್ತನೆಯ ದಿನ ಮುಂಜಾನೆ ರೊಟ್ಟಿ ತಟ್ಟುತ್ತಿದ್ದ ರತ್ನಾಬಾಯಿಯ ಹಿಂದೆ ನಿಂತು ಹೇಳಿಬಿಟ್ಟ. ಅವಳ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಹೊತ್ತಿತು.

"ಒಂಬತ್ ದಿನ ಆ ಹುಡುಗಿ ಹೆಸರ ಮ್ಯಾಲ ಕುಂತು ಉಂಡೀರಲ್ರಿ," ಅಂದಳು. "ಏಳ್ರಿ. ಹೋಗಿ ಹೇಳ್ರಿ. ನಾ ಏನ್ ಹಸದು ಸಾಯಂಗಿಲ್ಲ."

ಅವನು ಹೋಗಿ ಹೇಳಿದ. ಅವಿನಾಶ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಪೂರ್ತಿ ಕೇಳಿದ. ಆಮೇಲೆ ಎದ್ದು ಬಂದು ಅವನ ಹೆಗಲ ಮೇಲೆ ಕೈ ಇಟ್ಟ.

"ಕಾಕಾ, ನೀವು ದೊಡ್ಡ ಮನಸ್ಸಿನವರು. ಆಕಿ ನಿಮಗ ಮಗಳಿದ್ದಂಗ, ನಮ್ಮ ಕನ್ನಡ ಮಾತಿನಾಕಿ. ತಿಳೀತದ ನನಗ. ಖರೇ, ಹಿಂಗ ಆಕಿ ತಪ್ಪು ನಿಮ್ಮ ಮ್ಯಾಲ ಹಾಕ್ಕೋಬ್ಯಾಡ್ರಿ."

"ಹಾಕ್ಕೊಳ್ಳಾಕತ್ತಿಲ್ಲಪ್ಪ. ನಂದ ಅದ."

"ಎರಡು ವರ್ಷದಾಗ ಒಂದು ಗ್ರಾಂ ತಪ್ಪು ತೂಗಿಲ್ಲ ನೀವು. ಮುಚ್ಚಳ ಬಿಚ್ಚತೀರೇನು? ಸುಮ್ನ ಏನರೆ ಹೇಳಬ್ಯಾಡ್ರಿ."

ಚನ್ನವೀರಪ್ಪ ಜೀವಮಾನದಲ್ಲಿ ಕೇಳಿದ ಹೊಗಳಿಕೆಯಲ್ಲಿ ಇದೇ ದೊಡ್ಡದು. ಅದು ಕಲ್ಲಿನ ಹಾಗೆ ಎದೆಗೆ ಬಂದು ಬಡಿಯಿತು. ಮರುದಿನ ಮತ್ತೆ ಹೇಳಿದ. ಅದರ ಮರುದಿನವೂ ಹೇಳಿದ. ಅಂಬಾದಾಸನ ಕಥೆ ಹೇಳಿದ. ಅವಿನಾಶ ಮೊದಲು ನಕ್ಕ, ಆಮೇಲೆ ಬೇಸರಪಟ್ಟ, ಆಮೇಲೆ ಕೆಲಸವಿದೆ ಎಂದು ಒಳಗೆ ಹೋಗತೊಡಗಿದ. ಹೀಗೆ ಎರಡು ವಾರ ಹೋದವು. ಕೊನೆಗೆ ಚನ್ನವೀರಪ್ಪ, "ನಿನ್ನ ಕಣ್ಣ ಮುಂದ ಮಾಡಿ ತೋರಸ್ತೀನಿ. ನಂಬರ್ ಬ್ಯಾರೆ ಬಂದ್ರ ಇನ್ನ ಮಾತಾಡಂಗಿಲ್ಲ," ಅಂದ.

ಫೆಬ್ರುವರಿ ಇಪ್ಪತ್ತನಾಲ್ಕನೆಯ ತಾರೀಕು. ಅದೇ ಅಳತೆಯ ಬಾಟಲಿ, ಅದೇ ದ್ರವ. ಮೊದಲು ಅಳೆದರು, ಹದಿನಾರು. ಚಳಿಪೆಟ್ಟಿಗೆಯಲ್ಲಿಟ್ಟು ಉಪ್ಪು ಕೂರಿಸಿದರು. ಚನ್ನವೀರಪ್ಪ ನೀರು ಕಾಯಿಸಿ, ಐವತ್ತಾದಾಗ ಬಾಟಲಿ ಇಳಿಸಿ, ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿದ. ಇಪ್ಪತ್ತು ನಿಮಿಷ ಇಬ್ಬರೂ ಹಬೆ ನೋಡುತ್ತ ನಿಂತರು. ಬಿಗಿದು, ಒರೆಸಿ, ಕೊಟ್ಟ. ಯಂತ್ರ ಬಹಳ ಹೊತ್ತು ಗುರುಗುಟ್ಟಿ ನಾನೂರ ಹನ್ನೆರಡು ತೋರಿಸಿತು. ಜನವರಿಯ ಬಾಟಲಿಯಲ್ಲಿ ಉಳಿದಿದ್ದ ದ್ರವವನ್ನೂ ಅಳೆದರು. ಮುನ್ನೂರ ತೊಂಬತ್ತು.

ಅವಿನಾಶ ಎರಡೂ ಸಂಖ್ಯೆಗಳನ್ನು ನೋಡಿದ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ.

"ಈಗ ಆಕಿಗೆ ಪತ್ರ ಬರದು ಕೊಡಪ್ಪ," ಅಂದ ಚನ್ನವೀರಪ್ಪ. "ಇಪ್ಪತ್ತೆಂಟರೊಳಗ ಬೇಕಂತ. ನಾನ ಒಯ್ದು ಕೊಟ್ಟು ಬರ್ತೀನಿ. ನನ್ನ ನಾಳಿಂದ ಬ್ಯಾಡ ಅನ್ನು."

ಅವಿನಾಶ ಬಾಗಿಲು ಮುಚ್ಚಿದ.

"ಕಾಕಾ, ಪುಣೆ ಕಂಪನಿಯವರಿಗೆ ನಾ ಏನಂತ ಬರದೀನಿ ಗೊತ್ತದೇನ್ರಿ? ತಪ್ಪು ಮಾಡಿದಾಕಿನ್ನ ತಗದೀವಿ, ಈಗ ಎಲ್ಲಾ ಬರೋಬ್ಬರಿ ಅದ ಅಂತ. ಅದನ್ನ ನಂಬಿ ಇನ್ನೊಂದು ಸಲ ಮಾದರಿ ತಗೋತೀವಿ ಅಂದಾರ. ಈಗ ನಾ ಆಕಿ ತಪ್ಪಿಲ್ಲ, ಇನ್ನೊಬ್ಬರದು ಅಂತ ಬರದ್ರ, ಇದೇನು ಕಾರಖಾನಿನೋ ಸಂತಿನೋ ಅಂತಾರ. ಹನ್ನೊಂದು ಮಂದಿ ಉಣ್ತಾರ ಇಲ್ಲಿ."

"ಅಳೀಬ್ಯಾಡ ಅಂದಾವ ನೀನು. ಅದನ್ನೂ ಬರೀಬೇಕಾಗ್ತದ."

ಅವಿನಾಶ ಕಿಟಕಿಯ ಬಾಗಿಲನ್ನೂ ಎಳೆದುಕೊಂಡ.

"ಹೌದು," ಅಂದ. "ಅದನ್ನೂ ಬರೀಬೇಕಾಗ್ತದ." ಆಮೇಲೆ ಮೆತ್ತಗೆ ಹೇಳಿದ: "ನೀವು ಸುಮ್ನಿರ್ರಿ ಕಾಕಾ. ನಿಮ್ಮ ಕೆಲಸ ಎಲ್ಲೂ ಹೋಗಂಗಿಲ್ಲ."

ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳು. ದಿನಾ ಬಾಗಿಲ ಹೊರಗೆ ನಿಂತ. ಇಪ್ಪತ್ತೆಂಟರಂದು ಅವಿನಾಶ ಶೆಡ್ಡಿಗೇ ಬರಲಿಲ್ಲ. ಚನ್ನವೀರಪ್ಪ ಸಂಜೆ ಆರರತನಕ ಕಾದು, ಶೆಡ್ಡಿನ ಕೀಲಿಯನ್ನು ಅವಿನಾಶನ ಮೇಜಿನ ಮೇಲೆ ಇಟ್ಟು ಬಂದ.

ಮರುದಿನ ಹೋಟಗಿಗೆ ಹೋದ. ಸ್ಟೇಶನ್ನಿನ ಹಿಂದಿನ ಓಣಿಯಲ್ಲಿ ಅವರ ಮನೆ. ಸ್ನೇಹಲಳ ತಾಯಿ ಕಲ್ಯಾಣಮ್ಮ ಅಂಗಳದಲ್ಲಿ ಹಸಿ ಕಡಲೆಯ ಗಿಡದಿಂದ ಕಾಯಿ ಬಿಡಿಸುತ್ತಿದ್ದಳು. ಹೆಸರು ಹೇಳುತ್ತಿದ್ದಂತೆಯೇ ಎದ್ದು ಸೆರಗು ಸರಿಮಾಡಿಕೊಂಡಳು.

"ಬರ್ರಿ ಅಣ್ಣಾರ, ಬರ್ರಿ. ಕೇಳೀನ್ರಿ ಎಲ್ಲಾ. ನನ್ನ ಮಗಳ ಸಲುವಾಗಿ ತಪ್ಪು ತಮ್ಮ ಮ್ಯಾಲ ಹಾಕ್ಕೊಂಡ್ರಂತ ಶೆಡ್ಡಿನ ಕೆಲಸದ ಹುಡುಗಿ ಫೋನ್ ಮಾಡಿ ಹೇಳಿದಳು. ಇಂಥವರು ಈಗ ಎಲ್ಲಿ ಸಿಗ್ತಾರ. ಪತ್ರ ತಂದೀರೇನ್ರಿ?"

ಚನ್ನವೀರಪ್ಪನಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಸ್ನೇಹಲ ಒಳಗಿನಿಂದ ಬಂದು ಬಾಗಿಲ ಚೌಕಟ್ಟಿಗೆ ಆತುಕೊಂಡಳು. ಅವಳ ಕಡೆ ನೋಡದೆ ಅವನು ನೆಲಕ್ಕೆ ಹೇಳುವ ಹಾಗೆ ಹೇಳಿದ. ಮುಚ್ಚಳ, ಹಬೆ, ಒಂಬತ್ತು ದಿನ, ಅವಿನಾಶ ನಂಬದೆ ಹೋದದ್ದು, ಮಾಡಿ ತೋರಿಸಿದ್ದು, ನಂಬಿದ ಮೇಲೂ ಬರೆಯದೆ ಹೋದದ್ದು. ಕಲ್ಯಾಣಮ್ಮನ ಕೈಯಲ್ಲಿದ್ದ ಕಡಲೆ ಗಿಡ ಹಾಗೆಯೇ ಉಳಿಯಿತು.

"ಎಷ್ಟು ಬಂತು?" ಅಂತ ಕೇಳಿದಳು ಸ್ನೇಹಲ.

"ನಾನೂರ ಹನ್ನೆರಡು."

"ಹಳೇದು?"

"ಮುನ್ನೂರ ತೊಂಬತ್ತು."

ಅವಳು ತಲೆ ಆಡಿಸಿದಳು. ಬಹಳ ದಿನದಿಂದ ಬಿಡಿಸಲಾರದ ಲೆಕ್ಕಕ್ಕೆ ಉತ್ತರ ಸಿಕ್ಕವರ ಮುಖ ಒಂದು ಗಳಿಗೆ ಅವಳದಾಗಿತ್ತು. ಆಮೇಲೆ ಅದೂ ಆರಿತು.

"ಆ ಒಂಬತ್ತು ದಿನದೊಳಗ ಹೇಳಿದ್ರ," ಅಂದಳು. "ನಿನ್ನೆ ಐದಕ್ಕ ಮುಗೀತ್ರಿ. ಸೀಟ್ ಇನ್ನೊಬ್ಬರಿಗೆ ಕೊಟ್ಟಾರ," ಅಂದಳು.

ಕಲ್ಯಾಣಮ್ಮ ಎದ್ದು ಒಳಗೆ ಹೋದಳು. ಬೈಯಲಿಲ್ಲ. ಒಳಗೆ ಪಾತ್ರೆಯೊಂದನ್ನು ಎತ್ತಿ ಇಟ್ಟ ಸದ್ದು ಕೇಳಿಸಿತು. ಚಹಾ ಬರಲಿಲ್ಲ.

"ನಾ ಪುಣೆಗೆ ಹೋಗಿ ಸೀಟ್ ಕೊಡಾವರ ಮುಂದ ಹೇಳ್ತೀನವಾ. ಬೇಕಾದ್ರ ಬರದು ಕೊಡ್ತೀನಿ."

"ನೀವು ಬರದ್ರ ಕನ್ನಡದಾಗ ಬರೀತೀರಿ. ಅದನ್ನ ಓದಾವರು ಅಲ್ಲಿ ಇಲ್ಲ, ನನಗೂ ಓದಾಕ ಬರಂಗಿಲ್ಲ. ನಾ ಮರಾಠಿದಾಗ ಬರದು ನಿಮ್ಮ ಸಹಿ ಹಾಕ್ಸಿದ್ರ, ಆಕಿನ ಬರಕೊಂಡು ಬಂದಾಳ ಅಂತಾರ." ಸಿಟ್ಟಿಲ್ಲದ, ದಣಿದ ದನಿ ಅವಳದು. "ಇರ್ಲಿ ಕಾಕಾ. ಒಂದು ಮಾತು ಕೇಳ್ರಿ. ಇನ್ನ ಈ ಕಡೆ ಬರಬ್ಯಾಡ್ರಿ. ನೀವು ಬಂದ್ರ ಅವ್ವಗ ಮತ್ತ ಏನೋ ತಂದಾರಂತ ಆಸೆ ಹುಟ್ತದ."

ಅವನು ಹೂಂ ಅಂದ. ಅಂಗಳ ದಾಟುವಾಗ ಕಡಲೆಯ ಸೊಪ್ಪು ಕಾಲಿಗೆ ತೊಡರಿತು, ಬಾಗಿ ಬಿಡಿಸಿಕೊಂಡ.

ಸ್ಟೇಶನ್ನಿನಲ್ಲಿ ಬಿಸಿಲು ಆಗಲೇ ಚೈತ್ರದ ಹಾಗೆ ಸುಡುತ್ತಿತ್ತು. ಸೊಲ್ಲಾಪುರದ ಗಾಡಿ ಬಂತು, ನಿಂತಿತು, ಹೋಯಿತು. ಚನ್ನವೀರಪ್ಪ ಬೆಂಚಿನಿಂದ ಏಳಲಿಲ್ಲ. ಮನೆಯಲ್ಲಿ ರತ್ನಾಬಾಯಿ ಏನಾಯಿತೆಂದು ಕೇಳುತ್ತಾಳೆ. ಅವಳಿಗೆ ಹೇಳುವ ಮಾತನ್ನು ಅವನು ಮನಸ್ಸಿನಲ್ಲಿ ಮೂರು ಸಲ ಕಟ್ಟಿದ, ಮೂರು ಸಲವೂ ಅದು ನಡುವೆಯೇ ನಿಂತಿತು. ಮುಂದಿನ ಗಾಡಿಗೆ ಎರಡು ತಾಸು ಇತ್ತು.